ಬಸ್ಸು ನಿಲ್ಲುವ ಜಾಗ

ಆಳಂದ, ಅಫಜಲಪುರ, ಜೇವರ್ಗಿ. ಇವು ಕಲಬುರಗಿ ಜಿಲ್ಲೆಯ ಮೂರು ತಾಲೂಕುಗಳು. ಇಲ್ಲಿನ ಹಳ್ಳಿಗಳಲ್ಲಿ ನಮಗೆಲ್ಲ ಬಸ್ಸೇ ಆಧಾರ. ಸಂತೆಗೆ ಹೋಗುತ್ತೇವೆ. ದವಾಖಾನೆಗೆ ಹೋಗುತ್ತೇವೆ. ತವರಿಗೆ ಹೋಗುತ್ತೇವೆ. ದೇವಲ ಗಾಣಗಾಪುರಕ್ಕೆ, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಹೋಗುತ್ತೇವೆ. ನಮ್ಮ ಹೆಣ್ಣುಮಕ್ಕಳು ಕಾಲೇಜಿಗೆ ಹೋಗುತ್ತಾರೆ.

ಈ ಬಸ್ಸುಗಳು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದವು. ಮೊದಲು ಇದಕ್ಕೆ ಈಶಾನ್ಯ ಕರ್ನಾಟಕ ಸಾರಿಗೆ ಎಂಬ ಹೆಸರಿತ್ತು. 2021ರಲ್ಲಿ ಹೆಸರು ಬದಲಾಯಿತು. ಇದರ ಮುಖ್ಯ ಕಚೇರಿ ಕಲಬುರಗಿಯಲ್ಲಿದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಅಂದಿನಿಂದ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ನಾವು ಹೆಣ್ಣುಮಕ್ಕಳು ಹಣ ಕೊಡಬೇಕಿಲ್ಲ. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ.

ಟಿಕೆಟ್ಟಿನ ಚಿಂತೆ ಹೋಯಿತು. ಆದರೆ ಬಸ್ಸು ಹತ್ತುವ ಜಾಗದ ಚಿಂತೆ?

ನಾವು ಆಡುವ ಮಾತು

ಬಸ್ಸಿಗಾಗಿ ಕಾಯುವಾಗ ನಾವು ಏನು ಮಾತಾಡುತ್ತೇವೆ? ಕೇಳಿರಿ.

“ಬಿಸಿಲು ನೆತ್ತಿ ಸುಡ್ತದ. ಒಂದು ಗಿಡದ ನೆರಳೂ ಇಲ್ಲ. ಎಷ್ಟೊತ್ತು ನಿಲ್ಲಬೇಕ್ರಿ?”

“ಮಳಿ ಬಂದ್ರ ಎರಿ ಮಣ್ಣು ಕಾಲಿಗೆ ಮೆತ್ತತದ. ಜಾರಿ ಬೀಳ್ತೀವಿ.”

“ತಂಗುದಾಣ ಅದ, ಯಕ್ಕಾ. ಒಳಗ ದನ ಕಟ್ಯಾರ.”

“ಮೆಟ್ಟಿಲು ಎತ್ತರ ಅವ. ನಮ್ಮ ಅತ್ತಿಗಿ ಮೊಣಕಾಲು ನೋವು. ಏರಲಿಕ್ಕೆ ಆಗಂಗಿಲ್ಲ.”

“ಬಸ್ಸು ಮುಂದ ಹೋಗಿ ನಿಲ್ತದ. ಏಳು ತಿಂಗಳ ಬಸರಿ ಹೆಂಗ ಓಡಬೇಕು?”

ಇವು ಸಣ್ಣ ಮಾತುಗಳಲ್ಲ. ಕಾಲಿಲ್ಲದವರು ತಂಗುದಾಣದ ಹೊರಗೇ ಉಳಿಯುತ್ತಾರೆ. ಬಸ್ಸು ತಪ್ಪಿದರೆ ಅಂದಿನ ಕೂಲಿಯೂ ತಪ್ಪುತ್ತದೆ. ಸಂಜೆ ನಿಲ್ದಾಣದಲ್ಲಿ ದೀಪ ಇರುವುದಿಲ್ಲ. “ಕತ್ತಲದಾಗ ಹುಡುಗಿ ಒಬ್ಬಾಕಿ ಇಳೀಬೇಕು. ಕಾಲೇಜು ಸಾಕು” ಎಂದು ಮನೆಯವರು ಹೇಳುತ್ತಾರೆ. ಒಂದು ದೀಪ ಇಲ್ಲದ್ದಕ್ಕೆ ಒಂದು ಹುಡುಗಿಯ ಓದು ನಿಲ್ಲುತ್ತದೆ.

ಕಾನೂನು ನಮ್ಮ ಕಡೆ ಇದೆ

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಆಯಿತು. 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಬಸ್ ನಿಲ್ದಾಣದಲ್ಲಿ ಅಂಗವಿಕಲರಿಗೆ ಅನುಕೂಲ ಇರಬೇಕು ಎಂದು ಅದು ಹೇಳುತ್ತದೆ. ಶೌಚಾಲಯ, ಕುಡಿಯುವ ನೀರು, ಟಿಕೆಟ್ ಕೊಡುವ ಜಾಗ ಅವರಿಗೂ ಸುಲಭವಾಗಿ ಸಿಗಬೇಕು.

ಮೆಟ್ಟಿಲಿನ ಪಕ್ಕ ಇಳಿಜಾರು ದಾರಿ ಇರಬೇಕು. ಗಾಲಿ ಕುರ್ಚಿ ಅದರ ಮೇಲೆ ಹೋಗುತ್ತದೆ. ಇಳಿಜಾರು ಕಡಿದಾಗಿ ಇರಬಾರದು. ಅದಕ್ಕೆ ಒಂದು ಲೆಕ್ಕ ಇದೆ. ಕಟ್ಟೆ 1 ಅಡಿ ಎತ್ತರ ಇದ್ದರೆ, ಇಳಿಜಾರು 12 ಅಡಿ ಉದ್ದ ಬೇಕು. ಹಿಡಿದುಕೊಳ್ಳಲು ಕಂಬಿ ಬೇಕು. ಇದು ಮುದುಕಿಯರಿಗೂ ಬೇಕು. ಬಸರಿಯರಿಗೂ ಬೇಕು. ತಲೆಯ ಮೇಲೆ ಗಂಟು ಹೊತ್ತವರಿಗೂ ಬೇಕು.

ಬೋರ್ಡು ಓದೋಣ

ಈಗ ನಮಗೆ ಓದಲು ಬರುತ್ತದೆ. “ಈ ಬಸ್ಸು ಎಲ್ಲಿಗೆ, ಅಣ್ಣಾ?” ಎಂದು ಕೇಳಬೇಕಿಲ್ಲ. ಬೋರ್ಡು ನಾವೇ ಓದೋಣ.

ಸಾಮಾನ್ಯ: ಹಳ್ಳಿ ಹಳ್ಳಿಗೆ ನಿಲ್ಲುವ ಬಸ್ಸು.
ವೇಗದೂತ: ಕೆಲವೇ ಊರುಗಳಲ್ಲಿ ನಿಲ್ಲುವ ಬಸ್ಸು.
ತಡೆರಹಿತ: ನಡುವೆ ನಿಲ್ಲದ ಬಸ್ಸು.
ಕೋರಿಕೆ ನಿಲುಗಡೆ: ಇಲ್ಲಿ ಕೈ ಮಾಡಿದರೆ ಬಸ್ಸು ನಿಲ್ಲಬೇಕು.

ಯಾರನ್ನು ಕೇಳಬೇಕು?

ತಂಗುದಾಣ, ದೀಪ, ಕಸ, ನೀರು: ಇವುಗಳಿಗೆ ಗ್ರಾಮ ಪಂಚಾಯಿತಿಯನ್ನು ಕೇಳಬೇಕು. ಪಟ್ಟಣದಲ್ಲಾದರೆ ಪುರಸಭೆಯನ್ನು ಕೇಳಬೇಕು. ಬಸ್ಸು ನಿಲ್ಲದಿದ್ದರೆ ತಾಲೂಕಿನ ಬಸ್ ಡಿಪೋಕ್ಕೆ ಬರೆಯಬೇಕು. ಹೊಸ ತಂಗುದಾಣ ಬೇಕಾದರೆ ಶಾಸಕರಿಗೂ ಅರ್ಜಿ ಕೊಡಬಹುದು.

ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮ ಸಭೆ ನಡೆಯಬೇಕು. ಒಬ್ಬಳೇ ಹೋದರೆ “ನೋಡೋಣ ಹೋಗವ್ವಾ” ಎನ್ನುತ್ತಾರೆ. ಇಪ್ಪತ್ತು ಜನ ಕೂಡಿ ಹೋದರೆ ಕುರ್ಚಿ ಕೊಟ್ಟು ಕೇಳುತ್ತಾರೆ. ಬಾಯಿಮಾತು ಗಾಳಿಗೆ ಹೋಗುತ್ತದೆ. ಬರೆದದ್ದು ಉಳಿಯುತ್ತದೆ. ಅದಕ್ಕೇ ಅರ್ಜಿ ಬರೆಯೋಣ.

ಅರ್ಜಿ

ದಿನಾಂಕ: ............

ಇವರಿಗೆ,
ಅಧ್ಯಕ್ಷರು,
ಗ್ರಾಮ ಪಂಚಾಯಿತಿ, ............

ಮಾನ್ಯರೇ,

ವಿಷಯ: ಬಸ್ ತಂಗುದಾಣ ಸರಿಪಡಿಸುವ ಬಗ್ಗೆ.

ನಮ್ಮ ಊರಿನ ತಂಗುದಾಣದ ಚಾವಣಿ ಸೋರುತ್ತದೆ. ದೀಪ ಇಲ್ಲ. ಮೆಟ್ಟಿಲು ಎತ್ತರವಾಗಿವೆ. ಮುದುಕರು, ಬಸರಿಯರು, ಅಂಗವಿಕಲರು ಏರಲು ಆಗುವುದಿಲ್ಲ. ಚಾವಣಿ ಸರಿಪಡಿಸಬೇಕು. ದೀಪ ಹಾಕಿಸಬೇಕು. ಇಳಿಜಾರು ದಾರಿ ಕಟ್ಟಿಸಬೇಕು ಎಂದು ಕೇಳಿಕೊಳ್ಳುತ್ತೇವೆ.

ತಮ್ಮ ವಿಶ್ವಾಸಿಗಳು,
(ಎಲ್ಲರ ಸಹಿ)

ಹೆಬ್ಬೆಟ್ಟು ಬೇಡ. ಎಲ್ಲರೂ ಸಹಿ ಮಾಡೋಣ. ಅರ್ಜಿಯ ಎರಡು ಪ್ರತಿ ಇರಲಿ. ಒಂದನ್ನು ಕೊಡಬೇಕು. ಇನ್ನೊಂದರ ಮೇಲೆ ಕಚೇರಿಯ ಸಹಿ, ಮುದ್ರೆ ಹಾಕಿಸಿ ಇಟ್ಟುಕೊಳ್ಳಬೇಕು.

ಉತ್ತರ ಬರಲಿಲ್ಲವೇ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. “ನಮ್ಮ ಅರ್ಜಿ ಏನಾಯಿತು?” ಎಂದು ಬರೆದು ಕೇಳಬಹುದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ನಮ್ಮ ಕೆಲಸವೂ ಇದೆ. ತಂಗುದಾಣದಲ್ಲಿ ದನ ಕಟ್ಟುವುದು ಬೇಡ. ಮೇವು ಒಟ್ಟುವುದು ಬೇಡ. ಪಕ್ಕದಲ್ಲಿ ಒಂದು ಬೇವಿನ ಸಸಿ ನೆಡೋಣ. ಸರದಿಯಂತೆ ನೀರು ಹಾಕೋಣ.

ಮಾತಾಡೋಣ, ಬರೆಯೋಣ

1. ನಿಮ್ಮ ಊರಿನ ತಂಗುದಾಣದಲ್ಲಿ ಏನಿದೆ? ಏನಿಲ್ಲ?
2. ಅಲ್ಲಿಗೆ ಬರಲು ಯಾರಿಗೆ ಕಷ್ಟ ಆಗುತ್ತದೆ? ಅವರನ್ನೇ ಕೇಳಿ ಬರೆಯಿರಿ.
3. ಕಟ್ಟೆ ಒಂದೂವರೆ ಅಡಿ ಎತ್ತರ ಇದ್ದರೆ ಇಳಿಜಾರು ಎಷ್ಟು ಅಡಿ ಉದ್ದ ಬೇಕು?
4. ಮೇಲಿನ ಅರ್ಜಿಯನ್ನು ನಿಮ್ಮ ಊರಿಗೆ ತಕ್ಕಂತೆ ಬರೆಯಿರಿ. ಮುಂದಿನ ಗ್ರಾಮ ಸಭೆಗೆ ಒಯ್ಯಿರಿ.