ಸ್ಕೀಮಾದಲ್ಲಿ ಬಿಟ್ಟ ಖಾಲಿ ಜಾಗ

ಕಮಲಾಪುರದಲ್ಲಿ ನನ್ನ ಮಾಮು ಕೆಂಪು ಬಾಳೆ ಬೆಳೆಯುತ್ತಾರೆ. ಜಿಐ ಮಾನ್ಯತೆ ಪಡೆದ ಬಾಳೆ ಅದು. ರಜೆಯಲ್ಲಿ ಪ್ರಾಜೆಕ್ಟ್‌ಗೆಂದು ಕಲಬುರಗಿಯಿಂದ ಹುಮನಾಬಾದ್ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಸುತ್ತಲಿನ ತೋಟಗಳನ್ನು ಮೊಬೈಲ್‌ನ ಜಿಪಿಎಸ್‌ನಲ್ಲಿ ಗುರುತಿಸಿಕೊಂಡು ಬಂದೆ. ಆ ಫೈಲು ಜಿಪಿಎಕ್ಸ್ ನಮೂನೆಯದು, ಅಂದರೆ ಒಂದು ಬಗೆಯ ಎಕ್ಸ್‌ಎಮ್‌ಎಲ್.

ಪ್ರತಿ ಸ್ಥಳದ ಟ್ಯಾಗಿನಲ್ಲಿ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ, ಹೆಸರು ಬರೆಯಬಹುದು. ನಾನು ಅದರೊಳಗೆ ‘ಗಿಡಗಳು’ ಎಂಬ ನನ್ನದೇ ಟ್ಯಾಗ್ ಸೇರಿಸಿದೆ. (ಎಕ್ಸ್‌ಎಮ್‌ಎಲ್‌ನಲ್ಲಿ ಟ್ಯಾಗಿನ ಹೆಸರು ಕನ್ನಡದಲ್ಲೇ ಇರಬಹುದು!) ಪರೀಕ್ಷಿಸುವ ಪ್ರೋಗ್ರಾಂ ಒಪ್ಪಲಿಲ್ಲ. ಯಾವ ಟ್ಯಾಗ್ ಎಲ್ಲಿ, ಎಷ್ಟು ಸಲ ಬರಬೇಕೆಂದು ಹೇಳುವುದೇ ಸ್ಕೀಮಾ. ಅದರಲ್ಲಿ ಇಲ್ಲದ್ದಕ್ಕೆ ಪ್ರವೇಶವಿಲ್ಲ.

2004ರಲ್ಲಿ ಜಿಪಿಎಕ್ಸ್ 1.1 ರೂಪಿಸಿದವರಿಗೆ ಬಾಳೆ ಗಿಡ ಎಣಿಸುವವರೂ ಬರುತ್ತಾರೆಂದು ಹೇಗೆ ಗೊತ್ತಿರಬೇಕು? ಆದರೂ ಅವರು ‘ಎಕ್ಸ್‌ಟೆನ್ಷನ್ಸ್’ ಎಂಬ ಟ್ಯಾಗಿನೊಳಗೆ ಜಾಗ ಬಿಟ್ಟಿದ್ದಾರೆ. ಸ್ಕೀಮಾದಲ್ಲಿ ಅದರ ವಿವರಣೆ ಬಹಳ ಚಿಕ್ಕದು: ‘ಎನಿ’. ಯಾವ ಎಲಿಮೆಂಟ್ ಆದರೂ ಬರಲಿ, ಸೊನ್ನೆಯಿಂದ ಎಷ್ಟು ಸಲವಾದರೂ ಬರಲಿ. (ಸಂಖ್ಯೆ ಹೇಳದಿದ್ದರೆ ‘ಎನಿ’ ಸರಿಯಾಗಿ ಒಂದೇ ಸಲ ಎಂದರ್ಥ, ನೆನಪಿಡಿ.) ಜೊತೆಗೆ ಎರಡು ಷರತ್ತು. ಒಂದು, ನೇಮ್‌ಸ್ಪೇಸ್ ಬೇರೆಯಿರಬೇಕು. ಒಂದೇ ಹೆಸರಿನ ಇಬ್ಬರು ಹುಡುಗರನ್ನು ಮನೆತನದ ಹೆಸರಿನಿಂದ ಗುರುತಿಸುವುದಿಲ್ಲವೇ, ಹಾಗೆ. ಎರಡನೆಯದು ತಪಾಸಣೆಯ ಬಿಗಿ. ‘ಸ್ಟ್ರಿಕ್ಟ್’ ಎಂದರೆ ಒಳಗೆ ಬಂದದ್ದಕ್ಕೂ ಅದರದೇ ಸ್ಕೀಮಾ ಇರಲೇಬೇಕು. ಏನೂ ಹೇಳದಿದ್ದರೆ ಇದೇ ಜಾರಿ. ‘ಸ್ಕಿಪ್’ ಎಂದರೆ ಟ್ಯಾಗುಗಳ ಜೋಡಣೆ ಸರಿಯಿದ್ದರೆ ಸಾಕು. ಜಿಪಿಎಕ್ಸ್ ಬಳಸುವುದು ನಡುವಿನ ‘ಲ್ಯಾಕ್ಸ್’: ಸ್ಕೀಮಾ ಸಿಕ್ಕರೆ ತಾಳೆ ನೋಡು, ಸಿಗದಿದ್ದರೆ ಬಿಟ್ಟುಬಿಡು.

ನನ್ನ ಟ್ಯಾಗನ್ನು ಅಲ್ಲಿಗೆ ಸರಿಸಿ, ನೇಮ್‌ಸ್ಪೇಸ್ ಕೊಟ್ಟೆ. ಫೈಲು ಪಾಸಾಯಿತು. ಖುಷಿಯಿಂದ ಒಟ್ಟು ಲೆಕ್ಕ ಮಾಮುಗೆ ತೋರಿಸಿದರೆ, ಅವರು ಪಟ್ಟಿ ನೋಡಿ, ‘ಇದ್ರಾಗ ನಮ್ ತೋಟದ್ದು ಎಲ್ಲಿ ಅದ?’ ಅಂದರು. ಅವರ ತೋಟಕ್ಕೆ ನಾನು 300 ಎನ್ನುವ ಬದಲು ‘ಮುನ್ನೂರು’ ಎಂದು ಅಕ್ಷರದಲ್ಲಿ ಬರೆದಿದ್ದೆ. ಕೂಡಿಸುವ ಪ್ರೋಗ್ರಾಂ ಅದನ್ನು ಸದ್ದಿಲ್ಲದೆ ಬಿಟ್ಟಿತ್ತು. ಪರೀಕ್ಷೆಯಲ್ಲೂ ಸಿಕ್ಕಿರಲಿಲ್ಲ, ಏಕೆಂದರೆ ‘ಗಿಡಗಳು’ ಅಂಕಿಯೇ ಆಗಿರಬೇಕೆಂದು ಯಾರೂ ಎಲ್ಲೂ ಹೇಳಿರಲಿಲ್ಲ. ಹೇಳಬೇಕಾದವನು ನಾನೇ.

ಅಂದು ರಾತ್ರಿ ನನ್ನ ನೇಮ್‌ಸ್ಪೇಸಿಗೊಂದು ಪುಟ್ಟ ಸ್ಕೀಮಾ ಬರೆದೆ: ‘ಗಿಡಗಳು’, ಪೂರ್ಣಾಂಕ, ಸೊನ್ನೆಗಿಂತ ಕಡಿಮೆಯಿಲ್ಲ. ಎರಡೂ ಸ್ಕೀಮಾ ಕೊಟ್ಟು ಓಡಿಸಿದಾಗ ಅದೇ ‘ಲ್ಯಾಕ್ಸ್’ ಮಾಮುವಿನ ತೋಟದ ಸಾಲನ್ನು ಹಿಡಿಯಿತು. ಇನ್ನೆರಡು ತೋಟಗಳ ಸಾಲನ್ನೂ ಹಿಡಿಯಿತು. ಅವು ನನ್ನ ಗಮನಕ್ಕೇ ಬಂದಿರಲಿಲ್ಲ.