ಟೆಸ್ಟ್‌ನಲ್ಲಿ ಪಾಸಾದ ಬಂದೂಕು

ಎರಡನೇ ವರ್ಷಕ್ಕೆ ಬರೋ ಹೊತ್ತಿಗೆ ನಮಗೆಲ್ಲ ‘ಸಿಸ್ಟಮ್’ ಅನ್ನೋ ಪದ ಕೇಳಿ ಕೇಳಿ ಸಾಕಾಗಿರುತ್ತೆ. ಯಾವ ಸಬ್ಜೆಕ್ಟ್ ತೆಗೆದರೂ ಮೊದಲ ಯೂನಿಟ್‌ನಲ್ಲಿ ಒಂದು ಬಾಕ್ಸ್, ಒಳಗೆ ಹೋಗೋ ಒಂದು ಬಾಣ, ಹೊರಗೆ ಬರೋ ಒಂದು ಬಾಣ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೋತೀವಿ, ಅಲ್ಲಿಗೆ ಮುಗೀತು. ಈ ಸಲ ಆ ಬಾಕ್ಸ್‌ನ ಜಾಗದಲ್ಲಿ ಒಂದು ಬಂದೂಕನ್ನು ಇಟ್ಟು ನೋಡೋಣ. ಅಮೆರಿಕದ ಎಂ-16 ರೈಫಲ್. ಪಬ್‌ಜಿ ಆಡಿದವರಿಗೆ ಹೆಸರು ಹೊಸದೇನಲ್ಲ. ಆದರೆ 1960ರ ದಶಕದಲ್ಲಿ ವಿಯೆಟ್ನಾಂನಲ್ಲಿ ಈ ರೈಫಲ್ ಹಿಡಿದ ಸೈನಿಕರಿಗೆ ಏನಾಯ್ತು ಅನ್ನೋದು ಆಟದಲ್ಲಿ ಬರೋದಿಲ್ಲ. ಒಂದು ಪ್ರಾಡಕ್ಟ್ ಹೇಗೆ ಕೆಡುತ್ತೆ ಅಂತ ಕಲಿಯೋಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗಂತೂ ಸಿಕ್ಕಿಲ್ಲ.

ಮೊದಲು ಇದು ಕೆಲಸ ಮಾಡೋ ರೀತಿ. ಇದರ ಮೂಲ ಡಿಸೈನ್ ಆರ್ಮಲೈಟ್ ಕಂಪನಿಯ ಯೂಜೀನ್ ಸ್ಟೋನರ್ ಅವರದು. ಆಗ ಅದರ ಹೆಸರು ಎಆರ್-15. 1959ರಲ್ಲಿ ಕೋಲ್ಟ್ ಕಂಪನಿ ಅದರ ಹಕ್ಕು ಕೊಂಡುಕೊಂಡಿತು. ಆಗ ಸೇನೆಯ ಹತ್ತಿರ ಇದ್ದ ಎಂ-14 ಸುಮಾರು ನಾಲ್ಕು ಕೆಜಿ ತೂಗುತ್ತಿತ್ತು, ಇದು ಮೂರರ ಆಸುಪಾಸು. ಗುಂಡು ಹಾರಿದಾಗ ನಳಿಕೆಯಲ್ಲಿ ಬಿಸಿ ಅನಿಲ ತುಂಬುತ್ತೆ ಅಲ್ವಾ, ಅದರಲ್ಲಿ ಸ್ವಲ್ಪ ಭಾಗ ನಳಿಕೆಯ ಒಂದು ಸಣ್ಣ ತೂತಿನಿಂದ ಹೊರಬಂದು, ತೆಳ್ಳಗಿನ ಕೊಳವೆಯಲ್ಲಿ ಹಿಂದಕ್ಕೆ ಹರಿದು, ಬೋಲ್ಟ್ ಇರೋ ಭಾಗವನ್ನು ತಳ್ಳುತ್ತೆ. ಬೋಲ್ಟ್ ತಿರುಗಿ, ಲಾಕ್ ಬಿಟ್ಟು, ಖಾಲಿ ತೋಟಾವನ್ನು ಎಳೆದು ಹೊರಗೆ ಎಸೆಯುತ್ತೆ. ಸ್ಪ್ರಿಂಗ್ ಅದನ್ನು ಮತ್ತೆ ಮುಂದಕ್ಕೆ ದೂಡುವಾಗ ಮ್ಯಾಗಜೀನ್‌ನಿಂದ ಹೊಸ ತೋಟಾ ಒಳಗೆ ಹೋಗುತ್ತೆ. (ನೀವು ಈಗ ಓದ್ತಿರೋ ಮ್ಯಾಗಜೀನ್ ಅಲ್ಲ. ಎರಡೂ ಪದದ ಮೂಲ ಒಂದೇ, ಉಗ್ರಾಣ ಅಂತ ಅರ್ಥ.)

ಇಲ್ಲಿ ಗಮನಿಸಬೇಕಾದ್ದು ಟೈಮಿಂಗ್. ಮದ್ದು ಉರಿದಾಗ ಹಿತ್ತಾಳೆಯ ತೋಟಾ ಹಿಗ್ಗಿ ಚೇಂಬರ್ ಗೋಡೆಗೆ ಅಂಟಿಕೊಳ್ಳುತ್ತೆ. ಒತ್ತಡ ಇಳಿದ ಮೇಲೆ ಸ್ವಲ್ಪ ಕುಗ್ಗಿ ಸಡಿಲ ಆಗುತ್ತೆ. ಬೋಲ್ಟ್ ತೆರೆದುಕೊಳ್ಳಬೇಕಾದ್ದು ಆಮೇಲೆ. ಇದೆಲ್ಲ ಸೆಕೆಂಡಿನ ಸಣ್ಣ ಚೂರಿನಲ್ಲಿ ನಡೆಯೋ ಕೆಲಸ. ಯಾವಾಗ ತೆರೆಯಬೇಕು ಅಂತ ತೀರ್ಮಾನ ಮಾಡೋದು ಆ ತೂತಿನ ಹತ್ತಿರದ ಅನಿಲದ ಒತ್ತಡ. ಅಂದ್ರೆ ಮದ್ದು ಅನ್ನೋದು ಬಂದೂಕಿಗೆ ಬರೀ ಇಂಧನ ಅಲ್ಲ, ಅದರ ಗಡಿಯಾರ ಕೂಡ.

ಸ್ಟೋನರ್ ರೈಫಲ್ ರೂಪಿಸಿದ್ದು ಡ್ಯೂಪಾಂಟ್ ಕಂಪನಿಯ, ಸಣ್ಣ ಕಡ್ಡಿ ಚೂರುಗಳ ಹಾಗಿರೋ ಐಎಂಆರ್ ಮದ್ದಿಗೆ. ಸೇನೆ ಗುಂಡಿನ ವೇಗ ಸೆಕೆಂಡಿಗೆ 3,250 ಅಡಿ ಇರಬೇಕು ಅಂತ ಕೇಳಿತು, ಜೊತೆಗೆ ಚೇಂಬರ್ ಒತ್ತಡಕ್ಕೂ ಒಂದು ಮಿತಿ ಇಟ್ಟಿತು. ಭಾರೀ ಪ್ರಮಾಣದಲ್ಲಿ ತಯಾರಿಸುವಾಗ ಈ ಎರಡನ್ನೂ ಒಟ್ಟಿಗೆ ಹಿಡಿಯೋದು ಆ ಮದ್ದಿಗೆ ಕಷ್ಟವಾಯ್ತು. 1964ರಲ್ಲಿ ಸೇನೆ ಓಲಿನ್ ಮ್ಯಾಥೀಸನ್ ಕಂಪನಿಯ ಬಾಲ್ ಪೌಡರ್‌ಗೆ ಒಪ್ಪಿಗೆ ಕೊಟ್ಟಿತು. ಸಾಸಿವೆಗಿಂತ ಸಣ್ಣ ಕಾಳಿನಂಥ ಮದ್ದು. ಸೇನೆಯ ಬೇರೆ ತೋಟಾಗಳಲ್ಲಿ ಮೊದಲೇ ಬಳಕೆಯಲ್ಲಿತ್ತು. ಕಾಗದದ ಮೇಲೆ ಎಲ್ಲ ಸರಿ: ವೇಗ ಬಂತು, ಒತ್ತಡ ಮಿತಿಯಲ್ಲೇ ಇತ್ತು.

ಆದರೆ ಹೊಸ ಮದ್ದಿನಲ್ಲಿ, ಗುಂಡು ಆ ತೂತನ್ನು ದಾಟೋ ಹೊತ್ತಿಗೆ ಅಲ್ಲಿನ ಒತ್ತಡ ಹಳೆಯದಕ್ಕಿಂತ ಜಾಸ್ತಿ ಇರುತ್ತಿತ್ತು. ಬೋಲ್ಟ್ ಬೇಗ, ಜೋರಾಗಿ ತೆರೆದುಕೊಳ್ಳೋಕೆ ಶುರುವಾಯ್ತು. ತೋಟಾ ಇನ್ನೂ ಗೋಡೆ ಬಿಟ್ಟಿಲ್ಲ, ಇದು ಆಗಲೇ ಎಳೀತಿದೆ. ಎಳೆಯೋ ಕೊಕ್ಕೆ ಜಾರುತ್ತೆ, ಇಲ್ಲವೇ ತೋಟಾದ ಅಂಚು ಹರಿಯುತ್ತೆ. ಖಾಲಿ ತೋಟಾ ಒಳಗೇ ಉಳಿಯುತ್ತೆ. ಸಾಲದ್ದಕ್ಕೆ ಈ ಮದ್ದು ಕೆಡದಿರಲಿ ಅಂತ ಸೇರಿಸಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದ್ರೆ ಸೀಮೆಸುಣ್ಣದ ವಸ್ತು, ಆ ತೆಳ್ಳಗಿನ ಕೊಳವೆಯಲ್ಲಿ ಕಿಟ್ಟದ ಹಾಗೆ ಕೂರುತ್ತಿತ್ತು. ನಿಮಿಷಕ್ಕೆ 850 ಗುಂಡು ಅನ್ನೋ ಮಿತಿಯನ್ನೂ ರೈಫಲ್‌ಗಳು ಮೀರತೊಡಗಿದವು.

ಇದು ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡರೆ ತಪ್ಪು. ಹೊಸ ಮದ್ದಿನಲ್ಲಿ ಪರೀಕ್ಷೆ ಮಾಡಿದರೆ ರೈಫಲ್‌ಗಳು ವೇಗದ ಮಿತಿ ದಾಟಿ ಫೇಲ್ ಆಗ್ತವೆ ಅಂತ ಕೋಲ್ಟ್ ಹೇಳಿತು. ಅದಕ್ಕೆ ಸಿಕ್ಕ ಪರಿಹಾರ ನೋಡಿ: ಫ್ಯಾಕ್ಟರಿಯ ಅಂಗೀಕಾರ ಪರೀಕ್ಷೆಗೆ ಬಾಲ್ ಪೌಡರ್ ಅಲ್ಲದ ಮದ್ದನ್ನೇ ಬಳಸಲು ಅನುಮತಿ! ರೈಫಲ್‌ಗಳು ಒಂದು ಮದ್ದಿನಲ್ಲಿ ಪಾಸಾದವು, ವಿಯೆಟ್ನಾಂಗೆ ಹೋದ ಪೆಟ್ಟಿಗೆಗಳಲ್ಲಿ ಇದ್ದದ್ದು ಹೆಚ್ಚಾಗಿ ಇನ್ನೊಂದು. ಈ ಇಡೀ ಕಥೆಯಲ್ಲಿ ನಮಗೆ ಅತಿ ಕೆಟ್ಟದು ಅನ್ನಿಸೋದು ಇದೇ. ಮದ್ದು ಬದಲಿಸಿದ್ದಕ್ಕೆ ಕಾರಣವಾದರೂ ಇತ್ತು. ಇದಕ್ಕೆ ಇದ್ದದ್ದು ಡೆಡ್‌ಲೈನ್ ಮಾತ್ರ. ಮದ್ದಿನ ಬಗ್ಗೆ ತಮ್ಮ ಅಭಿಪ್ರಾಯ ಕೇಳಿದ್ದು ನಿರ್ಧಾರ ಆದ ಮೇಲೆ ಅಂತ ಸ್ಟೋನರ್ ಅವರೇ ಮುಂದೆ ವಿಚಾರಣೆಯಲ್ಲಿ ಹೇಳಿದರು.

ಇನ್ನೆರಡು ಸಂಗತಿ ಇದರ ಜೊತೆ ಸೇರಿಕೊಂಡವು. ಒಂದು, ಚೇಂಬರ್‌ಗೆ ಕ್ರೋಮ್ ಲೇಪನ ಇರಲಿಲ್ಲ. ಎಂ-14ರ ನಳಿಕೆಗೆ ಇತ್ತು, ಅಂದ್ರೆ ಅದರ ಉಪಯೋಗ ಸೇನೆಗೆ ತಿಳಿಯದ್ದೇನಲ್ಲ. ಆದರೆ 1963ರಲ್ಲಿ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರಾ ಕಾಲದಲ್ಲಿ ಸುಮಾರು 1,04,000 ರೈಫಲ್‌ಗಳಿಗೆ ಆರ್ಡರ್ ಕೊಟ್ಟಾಗ ಇದು ‘ಒಂದೇ ಸಲದ ಖರೀದಿ’, ಪ್ರಾಡಕ್ಟ್ ರೆಡಿ ಇದೆ ಅನ್ನೋ ಲೆಕ್ಕಾಚಾರ ಇತ್ತು. ವಿಯೆಟ್ನಾಂನ ಮಳೆ, ಸೆಕೆಯಲ್ಲಿ ಚೇಂಬರ್‌ಗೆ ತುಕ್ಕು ಹಿಡಿದು ಗುಳಿ ಬಿತ್ತು. ಮೊದಲೇ ಅಂಟಿಕೊಳ್ಳೋ ತೋಟಾ ಈಗ ಇನ್ನೂ ಗಟ್ಟಿ ಕಚ್ಚಿಕೊಂಡಿತು. ಎರಡು, ಇದಕ್ಕೆ ಕ್ಲೀನಿಂಗೇ ಹೆಚ್ಚು ಬೇಡ ಅನ್ನೋ ಮಾತು ಹರಡಿತ್ತು. ಕ್ಲೀನಿಂಗ್ ಕಿಟ್‌ಗಳೂ ಸಾಕಷ್ಟು ತಲುಪಿರಲಿಲ್ಲ. ಸಿಕ್ಕಿಕೊಂಡ ತೋಟಾವನ್ನು ಹೊರಗೆ ತಳ್ಳೋಕೆ ಬೇಕಾದ್ದು ಅದೇ ಕಿಟ್‌ನಲ್ಲಿರೋ ಉದ್ದನೆಯ ಕಡ್ಡಿ! ಕಡ್ಡಿ ಇದ್ದರೂ, ಎದುರಿಂದ ಗುಂಡು ಬರುವಾಗ ನಳಿಕೆಯ ಬಾಯಿಂದ ಅದನ್ನು ತೂರಿಸುತ್ತಾ ಕೂರಬೇಕು.

1967ರ ಏಪ್ರಿಲ್, ಮೇ ತಿಂಗಳಲ್ಲಿ ಖೆ ಸಾನ್ ಸುತ್ತಲಿನ ಗುಡ್ಡಗಳಲ್ಲಿ ಮೆರೀನ್ ಸೈನಿಕರು ಹೋರಾಡಿದಾಗ ಹೀಗೇ ಆಯ್ತು. ಕೆಟ್ಟು ನಿಂತ ರೈಫಲ್ ಪಕ್ಕದಲ್ಲೇ ಸತ್ತು ಬಿದ್ದವರ ಬಗ್ಗೆ ಸೈನಿಕರು ಮನೆಗೆ ಪತ್ರ ಬರೆದರು. ನಮಗಿಂತ ಒಂದೆರಡು ವರ್ಷ ಹಿಂದೆ ಮುಂದೆ ಇದ್ದ ಹುಡುಗರೇ ಅವರಲ್ಲಿ ಬಹಳ ಜನ. ಪತ್ರಗಳು ಪತ್ರಿಕೆಗಳಿಗೆ, ಸಂಸದರಿಗೆ ತಲುಪಿದವು. ರಿಚರ್ಡ್ ಇಕರ್ಡ್ ಅಧ್ಯಕ್ಷತೆಯ ಸಂಸದೀಯ ಉಪಸಮಿತಿ ವಿಚಾರಣೆ ನಡೆಸಿ ಅದೇ ವರ್ಷ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ಮದ್ದಿನ ಬದಲಾವಣೆಯನ್ನೇ ಅದು ಮುಖ್ಯ ಕಾರಣಗಳಲ್ಲಿ ಒಂದು ಅಂತ ಎತ್ತಿ ತೋರಿಸಿತು. ಅದಕ್ಕೂ ಮೊದಲು ಹೆಚ್ಚಾಗಿ ಕೇಳಿಬರುತ್ತಿದ್ದ ಉತ್ತರ, ಹುಡುಗರು ಸರಿಯಾಗಿ ಕ್ಲೀನ್ ಮಾಡಲ್ಲ ಅಂತ. ಯೂಸರ್ ಮೇಲೆ ಹಾಕಿಬಿಡೋದು ಎಲ್ಲ ಕಾಲಕ್ಕೂ ಸುಲಭ.

ರಿಪೇರಿ ಕೆಲಸ ಹೀಗೆ ನಡೀತು: ಬೋಲ್ಟ್ ವೇಗ ಕಡಿಮೆ ಮಾಡೋಕೆ ಭಾರದ ಹೊಸ ಬಫರ್ ಬಂತು. ಚೇಂಬರ್‌ಗೆ ಕ್ರೋಮ್ ಬಂತು, ಮುಂದೆ ಇಡೀ ನಳಿಕೆಗೂ. ಮದ್ದಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಮಿತಿ ಶೇ. 1ರಿಂದ ಶೇ. 0.25ಕ್ಕೆ ಇಳಿಯಿತು. ಕ್ಲೀನಿಂಗ್ ಕಿಟ್ ಹಂಚಿದರು. 1968ರಲ್ಲಿ ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಕೈಯಲ್ಲಿ ಚಿತ್ರ ಬರೆಸಿ, ಮೇಂಟೆನೆನ್ಸ್ ಕೈಪಿಡಿಯನ್ನು ಕಾಮಿಕ್ ಪುಸ್ತಕದ ರೂಪದಲ್ಲೇ ತಂದರು. ನಮ್ಮ ಲ್ಯಾಬ್ ಮ್ಯಾನ್ಯುಯಲ್‌ಗೂ ಯಾರಾದರೂ ಹೀಗೆ ಮಾಡಬಾರದೇ! ಈ ಯಾವುದರಲ್ಲೂ ಹೊಸ ವಿಜ್ಞಾನ ಇಲ್ಲ ಅನ್ನೋದೇ ಹೊಟ್ಟೆ ಉರಿಸುತ್ತೆ. ಎಲ್ಲವನ್ನೂ 1964ರಲ್ಲೇ ಮಾಡಬಹುದಿತ್ತು.

ಬಂದೂಕಿನ ಜೊತೆಗಿನ ಸಾಮಾನಿಗೂ ಇದೇ ಪಾಡು, ಅದು ನಮ್ಮ ದೇಶದಲ್ಲೇ ನಡೆದಿದೆ. ಪುಣೆಯ ಎಆರ್‌ಡಿಇ ರೂಪಿಸಿದ ಇನ್ಸಾಸ್ ರೈಫಲ್‌ನ ಮ್ಯಾಗಜೀನ್ ಪ್ಲಾಸ್ಟಿಕ್‌ನದು, ಒಳಗಿನ ಗುಂಡು ಕಾಣೋ ಹಾಗೆ ಅರೆಪಾರದರ್ಶಕ. ತೂಕ ಕಡಿಮೆ, ತುಕ್ಕು ಹಿಡಿಯಲ್ಲ, ಎಷ್ಟು ಗುಂಡು ಉಳಿದಿದೆ ಅಂತ ನೋಡಿದರೇ ಗೊತ್ತಾಗುತ್ತೆ. ಒಳ್ಳೇ ಯೋಚನೆಯೇ. ಆದರೆ 1999ರಲ್ಲಿ ಕಾರ್ಗಿಲ್‌ನ ಚಳಿಯಲ್ಲಿ ಈ ಮ್ಯಾಗಜೀನ್‌ಗಳು ಬಿರುಕು ಬಿಟ್ಟ ದೂರುಗಳು ಬಂದವು. ತಣ್ಣಗಾದಾಗ ಪಾಲಿಮರ್ ಪೆಡಸಾಗುತ್ತೆ ಅನ್ನೋದು ನಮ್ಮ ಮೆಟೀರಿಯಲ್ ಸೈನ್ಸ್ ಪುಸ್ತಕದಲ್ಲೇ ಇದೆ, ಗ್ಲಾಸ್ ಟ್ರಾನ್ಸಿಶನ್ ಅನ್ನೋ ಹೆಡಿಂಗ್ ಕೆಳಗೆ.

ಮುಂದಿನ ಸಲ ಚಾರ್ಪಿ ಇಂಪ್ಯಾಕ್ಟ್ ಟೆಸ್ಟ್ ಮಾಡುವಾಗ ಸ್ಯಾಂಪಲ್‌ಗಳನ್ನೆಲ್ಲ ರೂಮ್ ಟೆಂಪರೇಚರ್‌ನಲ್ಲೇ ಒಡೆದು ರೀಡಿಂಗ್ ಬರೆದುಕೊಂಡು ಎದ್ದು ಬರಬೇಡಿ. ಒಂದನ್ನಾದರೂ ಐಸ್‌ನಲ್ಲಿಟ್ಟು ಒಡೆಯೋಣವಾ ಅಂತ ಸರ್‌ನ ಕೇಳಿ ನೋಡಿ.