ಸುಮ್ಮನೆ ನಿಂತವರೆಲ್ಲರೂ ಸೋಮಾರಿಗಳೋ?

ಓದತಕ್ಕ ಭಾಗಗಳು: ಮತ್ತಾಯ ೨೦:೧–೧೬, ೨ ಥೆಸಲೋನಿಕ ೩:೬–೧೩.

ಹೊತ್ತೇರಿದ ಮೇಲೆಯೂ ಒಬ್ಬನು ಊರ ಕಟ್ಟೆಯ ಮೇಲೆ ಕೂತಿರುವದನ್ನು ಕಂಡ ಕೂಡಲೆ, ಇವನು ಸೋಮಾರಿ ಎಂದು ತೀರ್ಪು ಹೇಳುವವರು ಬಹು ಮಂದಿ. ಬಡವರ ಕಾಣಿಕೆಯಿಂದ ಸಹಾಯ ಬೇಡುವವನ ವಿಷಯವಾಗಿ ಸಭೆಯ ಹಿರಿಯರು ಆಲೋಚಿಸುವಾಗ ಈ ಒಂದು ಮಾತು ಅವನ ಮನೆಯ ಒಲೆಯನ್ನು ಆರಿಸಬಹುದು. ಆದದರಿಂದ ಸೋಮಾರಿತನವೆಂದರೆ ಏನು, ಏನಲ್ಲ ಎಂಬದನ್ನು ದೇವರ ವಾಕ್ಯದಿಂದ ಕಲಿಯೋಣ.

೧. ಕೆಲಸ ಸಿಕ್ಕದವನು ಸೋಮಾರಿಯಲ್ಲ.

ದ್ರಾಕ್ಷೇತೋಟದ ಯಜಮಾನನು ಬೆಳಿಗ್ಗೆಯಿಂದ ಸಂಜೆಯ ವರೆಗೆ ಐದು ಸಾರಿ ಪೇಟೆಗೆ ಹೋದನು. ದಿನ ಮುಗಿಯುವದಕ್ಕೆ ಒಂದು ತಾಸು ಮಾತ್ರ ಇದ್ದಾಗಲೂ ಅಲ್ಲಿ ಜನರು ನಿಂತಿದ್ದರು. ಅವರು ಸುಮ್ಮನೆ ನಿಂತಿದ್ದರೆಂಬಲ್ಲಿ ಗ್ರೀಕ್ ಮೂಲದಲ್ಲಿರುವ ಶಬ್ದವು ‘ಅರ್ಗೊಸ್’. ಕೆಲಸವಿಲ್ಲದವನು ಎಂದೇ ಅದರ ಮೂಲಾರ್ಥ. ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದು ಅವರು ಹೇಳಲು, ಯಜಮಾನನು ಅವರನ್ನು ಗದರಿಸದೆ ತೋಟಕ್ಕೆ ಕಳುಹಿಸಿ, ಇಡೀ ದಿನದ ಕೂಲಿಯನ್ನು ಕೊಡಿಸಿದನು. ಈ ಸಾಮ್ಯದ ಮುಖ್ಯ ಪಾಠವು ದೇವರ ಕೃಪೆಯೇ ಸರಿ. ಆದರೂ ಇದನ್ನು ಗಮನಿಸಿರಿ: ಅವರು ಮನೆಯಲ್ಲಿ ಮಲಗಿದ್ದವರಲ್ಲ, ಕೂಲಿ ಸಿಕ್ಕುವ ಸ್ಥಳದಲ್ಲಿ ಕಾದು ನಿಂತವರು. ಸುಗ್ಗಿ ತೀರಿದ ಮೇಲೆ ಮಳೆ ಬೀಳುವ ತನಕ ಕರೆಯುವವರಿಲ್ಲದೆ ಇರುವ ಕೂಲಿಯವನೂ ಹೀಗೆಯೇ ಅಲ್ಲವೋ?

೨. ಕೆಲಸವನ್ನು ಒಲ್ಲದವನೇ ಸೋಮಾರಿ.

ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದೆಂದು ಪೌಲನು ಥೆಸಲೋನಿಕದವರಿಗೆ ಆಜ್ಞಾಪಿಸಿದನು. ಮಾಡದವನು ಎಂದಲ್ಲ, ಮಾಡಲೊಲ್ಲದವನು ಎಂದು ಹೇಳಿದ್ದಾನೆ. ಇಂಥವರ ನಡತೆಗೆ ಅವನು ಬಳಸಿದ ಮಾತು, ಸಾಲು ಬಿಟ್ಟು ನಡೆಯುವ ಸೈನಿಕನಿಗೂ ಸಲ್ಲುವಂಥದು. ಅವರು ಸ್ವಂತ ಕೆಲಸವನ್ನು ಬಿಟ್ಟು ಪರರ ಕಾರ್ಯಗಳಲ್ಲಿ ಕೈಹಾಕುತ್ತಿದ್ದರು. ಡೇರೆ ಮಾಡುವ ಕಸಬಿನವನಾದ ಪೌಲನಾದರೋ ಯಾರಿಗೂ ಭಾರವಾಗದಂತೆ ಹಗಲಿರುಳು ದುಡಿದನು. ಹೀಗಿರಲಾಗಿ ದಿನವೆಲ್ಲಾ ಓಡಾಡಿ ಮನೆಮನೆಗೆ ಚಾಡಿ ಮುಟ್ಟಿಸುವವನು ಸೋಮಾರಿಯೇ. ಹಾಸಿಗೆ ಹಿಡಿದು ಸಭೆಗೋಸ್ಕರ ಪ್ರಾರ್ಥಿಸುವ ಮುದುಕಿಯು ಸೋಮಾರಿಯಲ್ಲ. ಮತ್ತಾಯ ೧೨:೩೬ರಲ್ಲಿ ಕರ್ತನು ಲೆಕ್ಕ ಕೇಳುವ ವ್ಯರ್ಥ ಮಾತಿಗೂ ‘ಅರ್ಗೊಸ್’ ಎಂಬ ಅದೇ ಶಬ್ದವಿದೆ. ನಾಲಿಗೆಯ ಸೋಮಾರಿತನವೂ ಉಂಟು!

೩. ದೂರು ಹೇಳುವವನು ತನ್ನನ್ನು ಶೋಧಿಸಿಕೊಳ್ಳಲಿ.

ದೇವಾರಾಧನೆಗೆ ಬಿಡುವು ಕೇಳಿದ ಇಸ್ರಾಯೇಲ್ಯರನ್ನು ಫರೋಹನು ಮೈಗಳ್ಳರೆಂದನು; ಹುಲ್ಲು ಕೊಡದೆಯೇ ಮೊದಲಿನಷ್ಟು ಇಟ್ಟಿಗೆಗಳನ್ನು ಕೇಳಿದನು (ವಿಮೋಚನಕಾಂಡ ೫). ಮೈ ಮುರಿದು ದುಡಿಯುವವರಿಗೇ ಈ ಹೆಸರು ಬಂತು! ಯೆಹೆಜ್ಕೇಲ ೧೬:೪೯ರಲ್ಲಾದರೋ ಸೊದೋಮಿನವರು ಹೊಟ್ಟೆ ತುಂಬಿ ಸುಖವಾಗಿದ್ದು, ಬಡವರ ಕೈ ಹಿಡಿಯದೆ ಹೋದರೆಂದು ಬರೆದಿದೆ. ಸೋಮಾರಿತನವು ಗುಡಿಸಲಲ್ಲಿ ಮಾತ್ರವಲ್ಲ, ಕಣಜ ತುಂಬಿದ ಮನೆಯಲ್ಲಿಯೂ ವಾಸಿಸುತ್ತದೆ.

೪. ಕರೆಯುವವರು ಬೇಕು.

ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿ ದೀಕ್ಷಾಸ್ನಾನ ಹೊಂದಿದ ಅನೇಕರು ಜಾತಿಯೊಂದಿಗೆ ಜೀವನದ ದಾರಿಯನ್ನೂ ಕಳಕೊಂಡರು. ಇವರನ್ನು ಸೋಮಾರಿಗಳೆಂದು ಬೈದರೆ ಹೊಟ್ಟೆ ತುಂಬುತ್ತಿತ್ತೋ? ೧೮೫೧ರಲ್ಲಿ ಬಂದ ಹಾಲ್ಲರನು ನೇಯ್ಗೆಯ ಕೆಲಸವನ್ನು ಬೆಳೆಸಿದನು. ೧೮೬೫ರಲ್ಲಿ ಪ್ಲೆಬ್ಸ್ಟನು ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಕರೆಯುವವರಿಲ್ಲದ ಕೈಗಳಿಗೆ ಮಗ್ಗವೂ ಹೆಂಚಿನ ಅಚ್ಚೂ ದೊರೆತವು.

ನಮ್ಮ ಸಭೆಗಳಲ್ಲಿ ಕಾರ್ಖಾನೆ ಕಟ್ಟುವ ಶಕ್ತಿ ನಮಗಿಲ್ಲದಿರಬಹುದು. ಆದರೆ ಬೇಲಿ ಕಟ್ಟುವದಕ್ಕೋ ಬಾವಿಯ ಹೂಳೆತ್ತುವದಕ್ಕೋ ಆಳು ಬೇಕಾದಾಗ ಕೆಲಸವಿಲ್ಲದ ಸಹೋದರನನ್ನು ಮೊದಲು ಕರೆಯಬಹುದು. ಕರೆದರೂ ಬಾರದವನಿಗೆ ಬುದ್ಧಿ ಹೇಳತಕ್ಕದ್ದು. ಅವನನ್ನು ಕೂಡ ವೈರಿಯೆಂದು ಎಣಿಸದೆ ಸಹೋದರನೆಂದು ಎಚ್ಚರಿಸಬೇಕೆಂಬದೇ ಪೌಲನ ಅಪ್ಪಣೆ. ಕರೆಯದೆ ತೀರ್ಪು ಹೇಳುವದು ನ್ಯಾಯವಲ್ಲ.

ಆಲೋಚಿಸತಕ್ಕ ಪ್ರಶ್ನೆಗಳು:
(೧) ಕೆಲಸವಿಲ್ಲದವನಿಗೂ ಕೆಲಸವನ್ನು ಒಲ್ಲದವನಿಗೂ ಇರುವ ಭೇದವೇನು?
(೨) ಫರೋಹನು ಇಸ್ರಾಯೇಲ್ಯರನ್ನು ಮೈಗಳ್ಳರೆಂದದ್ದು ಯಾಕೆ?
(೩) ಈ ತಿಂಗಳಲ್ಲಿ ನಮ್ಮ ಊರಿನೊಳಗೆ ಕರೆಯುವವರಿಲ್ಲದೆ ನಿಂತವರು ಯಾರು? ನಾವು ಅವರನ್ನು ಯಾವ ಕೆಲಸಕ್ಕೆ ಕರೆಯಬಹುದು?